ನಾಸರ್ ಸಾಹೇಬರ ಸಹಿ

ನನ್ನ ಅಕ್ಕನ ಮಗಳು ಪ್ರಿಯಾಳಿಗೆ ಮಸ್ಕತ್ತಿನ ಒಂದು ಕಂಪನಿಯಲ್ಲಿ, ಕಾನೂನು ಪಾಲನೆ ನೋಡಿಕೊಳ್ಳುವ ಕಂಪ್ಲಯನ್ಸ್ ವಿಭಾಗದಲ್ಲಿ ಕೆಲಸ ಸಿಕ್ಕಿದೆ. ಹೊರಡುವ ಮೊದಲು ಹೇಳಿಹೋಗಲು ಉಡುಪಿಯ ನಮ್ಮ ಮನೆಗೆ ಬಂದವಳು ಚಹಾ ಕುಡಿಯುತ್ತಾ ಕೇಳಿದಳು: "ಮಾವ್ಶಿ, ನೀವು ಅಷ್ಟು ವರ್ಷ ಅಲ್ಲಿ ನಿಜವಾಗಿ ಏನು ಮಾಡ್ತಾ ಇದ್ದದ್ದು?"

ಹೇಳಲು ಬಾಯಿ ತೆರೆದೆ. ಮಸ್ಕತ್ತಿನ ಹತ್ತಿರದ ಸೀಬ್ ಊರಿನ ಒಂದು ಮನೆಯ ಮಧ್ಯಾಹ್ನ ಕಣ್ಣ ಮುಂದೆ ಬಂತು. ಅರ್ಧ ಎಳೆದ ಪರದೆ, ಪರದೆಯ ಆಚೆ ಬಿಳಿಚಿಹೋದ ಸಮುದ್ರ, ಏಲಕ್ಕಿ ಹಾಕಿದ ಕಾಫಿಯ ವಾಸನೆ, ಕೈಯಲ್ಲಿ ಪೆನ್ನು ಹಿಡಿದು ನನ್ನತ್ತ ನೋಡುತ್ತಾ ಕೂತ ಒಬ್ಬ ಮುದುಕರು. ಅವಳು ಚಹಾ ಮುಗಿಸಿ ಹೊರಟಳು. ಉತ್ತರ ಉಳಿಯಿತು. ಅದನ್ನು ಈಗ ಬರೆಯುತ್ತಿದ್ದೇನೆ.

ಕೆಲಸದ ವಿಷಯ ಮೊದಲು ಹೇಳಿಬಿಡುತ್ತೇನೆ. ಲಿಮಿಟೆಡ್ ಲಯಬಿಲಿಟಿ ಕಂಪನಿಯಲ್ಲಿ ಪಾಲುದಾರರ ಹೊಣೆ ಅವರು ಹಾಕಿದ ಬಂಡವಾಳದವರೆಗೆ ಮಾತ್ರ. ಕಂಪನಿ ಮುಳುಗಿದರೂ ಅವರು ಮಲಗುವ ಮನೆಗೆ ಯಾರೂ ಕೈ ಹಾಕುವಂತಿಲ್ಲ. ಇಂಥ ರಕ್ಷಣೆ ಕೊಡುವ ಸರ್ಕಾರ, ಕಂಪನಿ ಜೀವಂತವಾಗಿದೆಯೇ, ಹೇಳಿದ ಕಡೆಯೇ ಇದೆಯೇ, ಹೇಳಿದ ಕೆಲಸವನ್ನೇ ಮಾಡುತ್ತಿದೆಯೇ ಎಂದು ಮತ್ತೆ ಮತ್ತೆ ಕೇಳುತ್ತದೆ. ಸಚಿವಾಲಯದ ವಾಣಿಜ್ಯ ನೋಂದಣಿ, ವಾಣಿಜ್ಯ ಮಂಡಳಿಯ ಸದಸ್ಯತ್ವ, ನಗರಸಭೆಯ ಪರವಾನಗಿ, ಕೆಲಸಗಾರರ ಲೇಬರ್ ಕಾರ್ಡು. ಒಂದು ನವೀಕರಣವಾಗದಿದ್ದರೆ ಇನ್ನೊಂದು ಆಗುವುದಿಲ್ಲ. ಆ ಪ್ರಶ್ನೆಗಳಿಗೆ ವರ್ಷಗಟ್ಟಲೆ "ಹೌದು, ಇದ್ದೇವೆ" ಎಂದು ಉತ್ತರಿಸುತ್ತಾ ಇದ್ದವಳು ನಾನು.

ನಮ್ಮ ಆಫೀಸು ಮಸ್ಕತ್ತಿನ ಖುರುಮ್ ಬಡಾವಣೆಯಲ್ಲಿ, ಒಂದು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಬಂದರು, ಎಣ್ಣೆಬಾವಿಗಳ ಕೆಲಸಕ್ಕೆ ಕ್ರೇನುಗಳನ್ನೂ ಅವುಗಳನ್ನು ನಡೆಸುವ ಜನರನ್ನೂ ಒದಗಿಸುವ ಕಂಪನಿ. ಇಬ್ಬರು ಪಾಲುದಾರರು. ಒಬ್ಬರು ಮೈಸೂರಿನ ಶ್ರೀನಾಥ್ ಸರ್, ವ್ಯವಹಾರವೆಲ್ಲ ಅವರದು. ಇನ್ನೊಬ್ಬರು ಒಮಾನಿನ ನಾಸರ್ ಸಾಹೇಬರು. ಕೆಲಸಗಾರರ ಬಾಯಲ್ಲಿ ಅವರು 'ಕಫೀಲ್'. ಅವರ ಹೆಸರಿನ ಆಸರೆಯಲ್ಲೇ ನಾವೆಲ್ಲ ಆ ದೇಶದಲ್ಲಿದ್ದೆವು. ಸರ್ಕಾರಕ್ಕೆ ಹೋಗುವ ಮುಖ್ಯ ಕಾಗದಗಳಿಗೆ ಇಬ್ಬರ ಸಹಿಯೂ ಬೇಕು ಎಂದು ಒಪ್ಪಂದದಲ್ಲಿತ್ತು. ಕಾಗದ ಸಿದ್ಧಪಡಿಸುವುದು ನನ್ನ ಕೆಲಸ. ಅದನ್ನು ಹಿಡಿದು ಸರ್ಕಾರಿ ಕಚೇರಿಗಳಿಗೆ ಹೋಗುತ್ತಿದ್ದವನು ಸಾಲಿಮ್. ಸೂರ್ ಊರಿನ ಒಮಾನಿ, ನನಗಿಂತ ಚಿಕ್ಕವನು, ನಗುಮುಖದವನು. ನಾವು ಹಿಂದಿಯಲ್ಲಿ ಮಾತಾಡುತ್ತಿದ್ದೆವು. ಅವನ ಹಿಂದಿಯಲ್ಲಿ ಅರ್ಧ ಅರಬ್ಬಿ, ನನ್ನದರಲ್ಲಿ ಅರ್ಧ ಮಂಗಳೂರು.

ಮೊದಲ ವರ್ಷಗಳ ಒಂದು ಪೇಚು ನೆನಪಾಗುತ್ತದೆ. ಹೊಸ ನಾಮಫಲಕ ಹಾಕಿಸಿದ್ದೆವು. ನಗರಸಭೆಯ ಇನ್‌ಸ್ಪೆಕ್ಟರ್ ಬಂದು ಬೋರ್ಡನ್ನು ನೋಡಿದ, ಒಳಗೆ ಬಂದ, ಕುರ್ಚಿಗಳ ಹಿಂದೆಲ್ಲ ಇಣುಕಿದ. "ನಿಮ್ಮ ಬಡಗಿಗಳು ಎಲ್ಲಿ?" ಎಂದು ಕೇಳಿದ. ನನಗೆ ತಲೆಬುಡ ತಿಳಿಯಲಿಲ್ಲ. ಸಾಲಿಮ್ ಕೆಳಗೆ ಓಡಿ ಬೋರ್ಡು ನೋಡಿ ಬಂದವನು ನಗು ತಡೆಯಲಾರದೆ ಗೋಡೆಗೆ ಒರಗಿದ. ಅರಬ್ಬಿಯಲ್ಲಿ 'ತಿಜಾರಾ' ಎಂದರೆ ವ್ಯಾಪಾರ, 'ನಿಜಾರಾ' ಎಂದರೆ ಬಡಗಿತನ. ಎರಡಕ್ಕೂ ವ್ಯತ್ಯಾಸ ಮೊದಲ ಅಕ್ಷರದ ಮೇಲಿನ ಒಂದೇ ಒಂದು ಚುಕ್ಕೆ. ಬೋರ್ಡು ಬರೆದವನು ಅದನ್ನು ಬಿಟ್ಟಿದ್ದ. ಇನ್‌ಸ್ಪೆಕ್ಟರ್ ಕಾಫಿ ಕುಡಿದ, ಅವನೂ ನಕ್ಕ, ಆದರೆ ದಂಡದ ಚೀಟಿ ಕೊಟ್ಟೇ ಹೋದ. ಗೊತ್ತಿಲ್ಲದ ಭಾಷೆಯಲ್ಲಿ ಬರೆಸುವಾಗ ಆ ಭಾಷೆಯವರ ಕಣ್ಣಿಗೆ ಒಮ್ಮೆ ತೋರಿಸು, ಪ್ರಿಯಾ.

ಆಗೆಲ್ಲ ನಾಸರ್ ಸಾಹೇಬರು ವಾರಕ್ಕೊಮ್ಮೆ ಆಫೀಸಿಗೆ ಬರುತ್ತಿದ್ದರು. ಬಿಳಿಯ ನಿಲುವಂಗಿ, ಅಗರಿನ ಪರಿಮಳ, ನಿಧಾನದ ನಡಿಗೆ. ಎಳೆಯ ವಯಸ್ಸಿನಲ್ಲಿ ಹಡಗು ಹತ್ತಿ ಮುಂಬೈಗೆ ಹೋಗಿ, ಖರ್ಜೂರದ ವ್ಯಾಪಾರಿಯಾಗಿದ್ದ ತಮ್ಮ ನೆಂಟರ ಬಳಿ ಕೆಲಸ ಮಾಡಿದವರು. ಅವರ ಹಿಂದಿ ನನ್ನದಕ್ಕಿಂತ ಚೆನ್ನಾಗಿತ್ತು. ಪ್ರತಿಯೊಂದು ಕಾಗದವನ್ನೂ ಓದಿಯೇ ಸಹಿ ಹಾಕುತ್ತಿದ್ದರು. ಬಲದಿಂದ ಎಡಕ್ಕೆ ಒಂದು ಉದ್ದನೆಯ ಅಲೆ, ಕೊನೆಯಲ್ಲಿ ಮೇಲೆದ್ದ ಒಂದು ಗೆರೆ. ಪೆನ್ನಿನ ಮುಚ್ಚಳ ಹಾಕಿ, "ಬೇಟಿ, ಈಗ ನಾವು ಇನ್ನೂ ಬದುಕಿದ್ದೇವೆ ತಾನೇ?" ಎಂದು ನಗುತ್ತಿದ್ದರು.

ಆಮೇಲೆ ಎಣ್ಣೆಯ ಬೆಲೆ ಬಿತ್ತು. ಅದು ಬಿದ್ದ ಸದ್ದು ನಮಗೆ ಕೇಳಿಸಲಿಲ್ಲ, ಸುತ್ತಲಿನ ಸದ್ದುಗಳು ಒಂದೊಂದಾಗಿ ನಿಂತವು. ಪಕ್ಕದ ಆಫೀಸಿನ ಟೆಲಿಫೋನು ಬಡಿದುಕೊಳ್ಳುವುದು ನಿಂತಿತು. ಅರ್ಧ ಕಟ್ಟಿದ ಕಟ್ಟಡಗಳ ಮೇಲೆ ಕ್ರೇನುಗಳು ಕತ್ತು ಚಾಚಿ ಹಾಗೇ ನಿಂತವು. ರಸ್ತೆಯ ಬದಿಯಲ್ಲಿ 'ಮಾರಾಟಕ್ಕಿದೆ' ಎಂದು ಗಾಜಿಗೆ ಅಂಟಿಸಿದ ಕಾರುಗಳ ಸಾಲು ಬೆಳೆಯಿತು. ಮನೆಗೆ ಹೋಗುವಾಗ ಆ ಧೂಳು ಹಿಡಿದ ಕಾರುಗಳ ನಡುವೆ ಪರಿಚಯದವರ ಕಾರು ಕಂಡರೆ, ಅವರೂ ಹೊರಟರು ಎಂದು ತಿಳಿಯುತ್ತಿತ್ತು. ಆ ವರ್ಷಗಳೆಲ್ಲ ನನ್ನ ನೆನಪಿನಲ್ಲಿ ಒಂದೇ ಉದ್ದನೆಯ ಮಧ್ಯಾಹ್ನದ ಹಾಗೆ ಇವೆ.

ನಮ್ಮ ಕಂಪನಿಗೆ ಉಳಿದದ್ದು ದುಕ್ಮ್ ಬಂದರಿನ ಕೆಲಸ ಒಂದೇ. ಮರಳುಗಾಡಿನ ಆಚೆ, ಸಮುದ್ರದ ಅಂಚಿನಲ್ಲಿ, ಕ್ಯಾಂಪಿನಲ್ಲಿ ನಮ್ಮ ಕ್ರೇನ್ ನಡೆಸುವವರು, ಹಗ್ಗ ಕಟ್ಟುವವರು ಇದ್ದರು. ಅವರ ಅನ್ನ ಆ ಒಂದು ಕೆಲಸದಲ್ಲಿತ್ತು. ನನ್ನದೂ.

ಹಾಗಿರುವಾಗ ಒಂದು ದಿನ ಸಾಲಿಮ್ ಸಚಿವಾಲಯದಿಂದ ಬೇಗ ಹಿಂತಿರುಗಿದ. ನೋಂದಣಿ ನವೀಕರಣದ ಕಾಗದವನ್ನು ನನ್ನ ಮೇಜಿನ ಮೇಲಿಟ್ಟ. ನಗಲಿಲ್ಲ.

"ತೆಗೆದುಕೊಳ್ಳಲಿಲ್ಲ, ಸಿಸ್ಟರ್. ಸಹಿ ಹೊಂದುವುದಿಲ್ಲವಂತೆ."

ನೋಡಿದೆ. ಆ ತಿಂಗಳು ಸಾಹೇಬರು ಆಫೀಸಿಗೆ ಬಂದಿರಲಿಲ್ಲ. ಚಾಲಕನ ಕೈಯಲ್ಲಿ ಕಾಗದ ಕಳಿಸಿ ಸಹಿ ತರಿಸಿದ್ದೆವು. ಅಲೆ ಅಲ್ಲಲ್ಲಿ ತುಂಡಾಗಿತ್ತು. ಕೊನೆಯ ಗೆರೆ ಮೇಲೇಳುವ ಬದಲು ಕೆಳಗೆ ಜಾರಿ ಕಾಗದದ ಅಂಚಿಗೆ ಹೋಗಿ ನಿಂತಿತ್ತು.

ಹೊಸ ಕಾಗದ ಹಿಡಿದು ನಾನೇ ಸೀಬಿನ ಅವರ ಮನೆಗೆ ಹೋದೆ. ಅವರ ಮಗಳು ಮರಿಯಮ್ ಬಾಗಿಲು ತೆರೆದಳು. ಆಕೆ ಶಾಲೆಯ ಉಪಾಧ್ಯಾಯಿನಿ, ನನ್ನ ವಯಸ್ಸಿನವಳು. ಒಳಗೆ ಕರೆದಳು. ಸಮುದ್ರದ ಕಡೆಯ ಕೋಣೆಯಲ್ಲಿ ಸಾಹೇಬರು ಕೂತಿದ್ದರು. ಕಾಗದವನ್ನು ಅವರ ಮುಂದಿಟ್ಟೆ. ಅವರು ಅದನ್ನು ಮುಟ್ಟಲಿಲ್ಲ.

"ಸ್ಟೀಮರ್ ಬಂತೇ?" ಎಂದು ಕೇಳಿದರು.

"ಯಾವ ಸ್ಟೀಮರ್, ಸಾಹೇಬರೇ?"

"ಮಸ್ಕತ್ತಿನದು. ನೀನು ಬಂದರಿನ ಕಚೇರಿಯಿಂದ ತಾನೇ ಬಂದದ್ದು? ನನ್ನ ಪೆಟ್ಟಿಗೆ ಕಟ್ಟಿಟ್ಟಿದ್ದೇನೆ. ತಾಯಿ ಕಾಯುತ್ತಿರುತ್ತಾಳೆ."

ಅವರು ಮುಂಬೈಯಲ್ಲಿದ್ದರು. ಕಿಟಕಿಯ ಹೊರಗಿದ್ದದ್ದು ಅವರ ಪಾಲಿಗೆ ಮುಂಬೈಯ ಸಮುದ್ರ. ನಾನು ಮರಿಯಮಳ ಕಡೆ ನೋಡಿದೆ. ಅವಳು ಕಾಫಿಯ ಪಾತ್ರೆಯ ಮೇಲೆ ಕಣ್ಣಿಟ್ಟು ನಿಂತಿದ್ದಳು.

"ಇನ್ನೂ ಬಂದಿಲ್ಲ, ಸಾಹೇಬರೇ" ಎಂದೆ.

"ಬರಲಿ, ಬರಲಿ. ನೀನೂ ಕೂತುಕೋ."

ಕೂತೆ. ಮೂವರೂ ಕಾಫಿ ಕುಡಿದೆವು. ಅಲ್ಲಿಯ ಮೀನು ಮಾರುಕಟ್ಟೆ, ಮಳೆಯಲ್ಲಿ ಗೋದಾಮಿಗೆ ನೀರು ನುಗ್ಗಿ ಖರ್ಜೂರದ ಚೀಲಗಳು ತೇಲಿದ್ದು, ಒಬ್ಬಳು ಗುಜರಾತಿ ಅಜ್ಜಿ ತನಗೆ ರೊಟ್ಟಿ ಕೊಡುತ್ತಿದ್ದದ್ದು, ಎಲ್ಲವನ್ನೂ ನಿನ್ನೆ ನಡೆದ ಹಾಗೆ ಹೇಳಿದರು. ಹೊರಗೆ ಬಿಸಿಲು ಕರಗುತ್ತಿತ್ತು. ನಾನು ಯಾವ ಊರಿನಲ್ಲಿ, ಯಾವ ಕಾಲದಲ್ಲಿ ಕೂತಿದ್ದೇನೆ ಎಂದು ನನಗೂ ಸ್ವಲ್ಪ ಹೊತ್ತು ಮರೆತುಹೋಯಿತು. ಸಹಿಯಿಲ್ಲದ ಕಾಗದವನ್ನು ಚೀಲಕ್ಕೆ ಹಾಕಿಕೊಂಡು ಹಿಂತಿರುಗಿದೆ.

ಬಾಗಿಲ ಬಳಿ ಮರಿಯಮ್ ನನ್ನ ಕೈ ಹಿಡಿದಳು. "ಕೆಲವು ದಿನ ಚೆನ್ನಾಗಿಯೇ ಇರುತ್ತಾರೆ. ಯಾರಿಗೂ ಹೇಳಬೇಡ. ಅವರಿಗೆ ಅವಮಾನವಾಗುತ್ತದೆ."

ಶ್ರೀನಾಥ್ ಸರ್‌ಗೆ ಹೇಳದೆ ಇರುವ ಹಾಗಿರಲಿಲ್ಲ. ಅವರು ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕೆಟ್ಟವರಲ್ಲ, ಕೈಕೆಳಗಿನವರ ಮಕ್ಕಳ ಹೆಸರು ಕೇಳಿ ತಿಳಿದುಕೊಳ್ಳುವಂಥವರು. ಆದರೆ ನೋಂದಣಿಯ ಅವಧಿ ಮುಗಿಯುತ್ತಾ ಬಂದಿತ್ತು.

"ಐರಿನ್ ಅವ್ರೇ, ಈಗೆಲ್ಲ ಕಂಪ್ಯೂಟರ್‌ನಲ್ಲೇ ಮಾಡ್ಬಹುದಲ್ವಾ? ಅವರ ಗುರುತಿನ ಕಾರ್ಡು ಹಾಕಿ, ನಂಬರ್ ಒತ್ತಿದ್ರೆ ಆಯ್ತು. ಕಾರ್ಡು ಮನೆಯಲ್ಲೇ ಇರತ್ತೆ. ನಂಬರ್ ಡ್ರೈವರ್‌ಗೆ ಗೊತ್ತು."

ಹೊಸ ಪದ್ಧತಿ ಆಗಷ್ಟೇ ಬಂದಿತ್ತು. ಸಾಲು ನಿಲ್ಲುವ ಕಷ್ಟ ತಪ್ಪಿದ್ದಕ್ಕೆ ನಾವೆಲ್ಲ ಸಂತೋಷಪಟ್ಟಿದ್ದೆವು. ಹಳೆಯ ಪದ್ಧತಿಯಲ್ಲಿ ಗಾಜಿನ ಆಚೆ ಕೂತ ಒಬ್ಬ ಮನುಷ್ಯ ಸಹಿಯನ್ನು ಕಣ್ಣಿಂದ ನೋಡುತ್ತಿದ್ದ. ಯಂತ್ರ ನಂಬರ್ ಸರಿಯೇ ಎಂದು ಮಾತ್ರ ಕೇಳುತ್ತದೆ, ಒತ್ತಿದವರು ಯಾರೆಂದು ಕೇಳುವುದಿಲ್ಲ.

"ಸರ್, ಅದು ಅವರ ಸಹಿ ಆಗುದಿಲ್ಲ ಅಲ್ವಾ" ಎಂದೆ. "ಅವರಿಗೆ ಗೊತ್ತೇ ಇರುದಿಲ್ಲ."

"ಗೊತ್ತಿದ್ರೆ ಬೇಡ ಅಂತಿದ್ರಾ ಅವ್ರು? ನೀವೇ ಹೇಳಿ. ಇಷ್ಟು ವರ್ಷ ಒಂದ್ಸಲ ಬೇಡ ಅಂದಿದಾರಾ?"

ಅಂದಿರಲಿಲ್ಲ, ನಿಜ. ಬಾಗಿಲ ಬಳಿ ನಿಂತಿದ್ದ ಸಾಲಿಮ್‌ಗೆ ಕನ್ನಡ ಬರದು, ಆದರೆ ವಿಷಯ ಅರ್ಥವಾಗಿತ್ತು. "ಸರ್, ಈ ಕೆಲಸ ನನ್ನಿಂದ ಆಗದು. ಬೇಕಾದರೆ ನನ್ನ ಕೆಲಸ ಖಲಾಸ್ ಮಾಡಿ" ಎಂದ. ಶ್ರೀನಾಥ್ ಸರ್ ಅವನನ್ನೂ ನನ್ನನ್ನೂ ನೋಡಿ, ಕನ್ನಡಕ ಹಾಕಿಕೊಂಡು, "ನಡೀರಿ, ನಾನೇ ಬರ್ತೀನಿ. ಅವರ ಕೈಯಿಂದಲೇ ಮಾಡಿಸೋಣ" ಎಂದರು.

ಮಾರನೆಯ ದಿನ ಸರ್ ಮತ್ತು ನಾನು ಸೀಬಿಗೆ ಹೋದೆವು. ನಾಸರ್ ಸಾಹೇಬರು ಗೆಳೆಯನನ್ನು ಗುರುತಿಸಿದರು, ಎದ್ದು ತಬ್ಬಿಕೊಂಡರು. ನನಗೆ ಆಸೆ ಹುಟ್ಟಿತು. ಹಳೆಯ ಮಾತುಗಳಾದವು, ನಗುವಾಯಿತು. ಶ್ರೀನಾಥ್ ಸರ್ ಕಾಗದವನ್ನು ಮುಂದಿಟ್ಟು ಅವರ ಬೆರಳುಗಳ ನಡುವೆ ಪೆನ್ನು ಇಟ್ಟರು. ಸಾಹೇಬರು ಕಾಗದದ ಮೇಲೆ ಬಾಗಿದರು. ಮೊದಲ ಸಾಲಿನ ಮೇಲೆ ಬೆರಳು ಇಟ್ಟರು. ಬೆರಳು ಮುಂದೆ ಹೋಯಿತು, ಹಿಂದೆ ಬಂತು, ಮತ್ತೆ ಅದೇ ಪದದ ಮೇಲೆ ನಿಂತಿತು. ಗೋಡೆಯ ಎ.ಸಿ. ಗುಂಯ್‌ಗುಡುತ್ತಿತ್ತು. ಶ್ರೀನಾಥ್ ಸರ್ ಮೆಲ್ಲಗೆ ಅವರ ಮುಂಗೈಯನ್ನು ಹಿಡಿದು, ಸಹಿಯ ಜಾಗಕ್ಕೆ ತಂದರು.

ಸಾಹೇಬರು ಪೆನ್ನನ್ನು ಕೆಳಗಿಟ್ಟರು. ಸಿಟ್ಟಿರಲಿಲ್ಲ. ಬಾಗಿಲಿಗೆ ಬಂದ ಅತಿಥಿಗೆ ಹೇಳುವ ಹಾಗೆ ಹೇಳಿದರು:

"ಶ್ರೀನಾಥ್ ಭಾಯಿ, ಇವತ್ತು ನಾನು ಇಲ್ಲ. ನಾನು ಇರುವ ದಿನ ಬಾ."

ಶ್ರೀನಾಥ್ ಸರ್ ಹಿಡಿದ ಕೈಯನ್ನು ಬಿಡಲಿಲ್ಲ, ಆದರೆ ಈಗ ಅದು ಬೇರೆ ಥರದ ಹಿಡಿತವಾಗಿತ್ತು. ಹಿಂತಿರುಗುವಾಗ ಹೆದ್ದಾರಿಯ ಪಕ್ಕಕ್ಕೆ ಕಾರು ನಿಲ್ಲಿಸಿ ಸ್ಟೀರಿಂಗಿನ ಮೇಲೆ ತಲೆಯಿಟ್ಟು ಅತ್ತರು. ನಾನು ಕಿಟಕಿಯ ಹೊರಗೆ ಬೆಟ್ಟಗಳನ್ನು ನೋಡುತ್ತಾ ಕೂತೆ. ಆಮೇಲೆ ಅವರು, "ಮರಿಯಮ್ ಜೊತೆ ಮಾತಾಡಿ. ಕೋರ್ಟಿಗೇ ಹೋಗೋಣ. ಎಷ್ಟು ದಿನ ಆಗತ್ತೋ ಆಗ್ಲಿ" ಎಂದರು.

ದಾರಿ ಇದ್ದದ್ದು ಅದೊಂದೇ. ವೈದ್ಯರ ವರದಿಯೊಂದಿಗೆ ಮಗಳು ಕೋರ್ಟಿಗೆ ಅರ್ಜಿ ಕೊಡಬೇಕು. ತಂದೆಯ ಪರವಾಗಿ ಸಹಿ ಹಾಕುವ ಅಧಿಕಾರವನ್ನು ನ್ಯಾಯಾಧೀಶರು ಅವಳಿಗೆ ಕೊಡಬೇಕು. ಮರಿಯಮ್ ಮೊದಲು ಒಪ್ಪಲಿಲ್ಲ. "ನನ್ನ ತಂದೆಗೆ ತಿಳಿವಳಿಕೆ ಇಲ್ಲ ಎಂದು ಹತ್ತು ಜನರ ಮುಂದೆ ನಾನೇ ಹೇಳಬೇಕೇ?" ಎಂದಳು. ಪೆನ್ನು ಕೆಳಗಿಟ್ಟಾಗ ಸಾಹೇಬರು ಏನು ಹೇಳಿದರು ಎಂಬುದನ್ನು ಮಾತ್ರ ಹೇಳಿದೆ. ಅವಳು ಆ ಹೊತ್ತಿಗೆ ಶಾಲೆಯಲ್ಲಿದ್ದಳು, ಕೇಳಿರಲಿಲ್ಲ. ತಲೆಯ ಬಟ್ಟೆಯ ಅಂಚಿನಿಂದ ಕಣ್ಣೊರೆಸಿಕೊಂಡು, "ಅವರೇ ಹೇಳಿಕೊಂಡರೇ?" ಎಂದಳು. ಮರುವಾರ ಅರ್ಜಿ ಕೊಟ್ಟಳು.

ಅಷ್ಟರಲ್ಲಿ ನಮ್ಮ ನೋಂದಣಿಯ ಅವಧಿ ಮುಗಿಯಿತು. ಸರ್ಕಾರದ ಕಂಪ್ಯೂಟರಿನಲ್ಲಿ ನಮ್ಮ ಹೆಸರಿನ ಮುಂದೆ ತಡೆ ಬಿತ್ತು. ಕೋರ್ಟಿನ ಕಾಗದದ ಪ್ರತಿ ಹಿಡಿದು ಸಾಲಿಮ್ ಸಚಿವಾಲಯದ ಅಧಿಕಾರಿಣಿಯ ಮುಂದೆ ಕೂತ. ಆಕೆ ಸಹಾನುಭೂತಿಯಿಂದಲೇ ಕೇಳಿದಳಂತೆ, ಆದರೆ ತೀರ್ಪು ಬರುವವರೆಗೆ ಏನೂ ಮಾಡುವ ಹಾಗಿಲ್ಲ ಎಂದಳಂತೆ. ಹೊಸ ಲೇಬರ್ ಕಾರ್ಡಿಲ್ಲ, ಹಳೆಯದರ ನವೀಕರಣವೂ ಇಲ್ಲ. ದುಕ್ಮಿನಲ್ಲಿ ಕೆಲವರ ಕಾರ್ಡು ಅದೇ ತಿಂಗಳು ಮುಗಿಯುವುದಿತ್ತು. ಇದನ್ನು ಫೋನಿನಲ್ಲಿ ಹೇಳುವುದು ಸರಿಯಲ್ಲ ಎಂದು ಕಂಪನಿಯ ಬಸ್ಸಿನಲ್ಲಿ ನಾನೇ ಹೊರಟೆ.

ಆ ದಾರಿ ಈಗಲೂ ನನ್ನ ನಿದ್ದೆಯಲ್ಲಿ ಬರುತ್ತದೆ. ಗಂಟೆಗಟ್ಟಲೆ ಚಪ್ಪಟೆ ನೆಲ. ನೆಲ ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಯಿತೆಂದು ತಿಳಿಯದು. ದೂರದಲ್ಲಿ ನೀರಿನ ಹಾಗೆ ಏನೋ ಹೊಳೆಯುತ್ತದೆ, ಬಸ್ಸು ಹತ್ತಿರ ಹೋದಂತೆ ಹಿಂದೆ ಸರಿಯುತ್ತದೆ. ಒಂಟೆಗಳು ರಸ್ತೆ ದಾಟುವವರೆಗೆ ಚಾಲಕ ಎಂಜಿನ್ ಆರಿಸಿ ಕಾದ. ಮಸ್ಕತ್ತಿನಲ್ಲಿ ಬೆಂಕಿಯಂಥ ಬಿಸಿಲಿದ್ದ ಕಾಲದಲ್ಲಿ ದುಕ್ಮಿನಲ್ಲಿ ಮಂಜು ಕವಿದಿತ್ತು. ಸಮುದ್ರದಿಂದ ತಣ್ಣನೆ ಗಾಳಿ ಬರುತ್ತಿತ್ತು. ಮಂಜಿನೊಳಗಿಂದ ನಮ್ಮ ಕ್ರೇನಿನ ಹಳದಿ ತುದಿಯೊಂದೇ ಕಾಣುತ್ತಿತ್ತು.

ಊಟದ ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸಂಬಳ ನಿಲ್ಲುವುದಿಲ್ಲ, ದಂಡ ಬಂದರೆ ಕಂಪನಿಯೇ ಕಟ್ಟುತ್ತದೆ, ಕಾರ್ಡು ಮುಗಿದವರು ಸದ್ಯ ಕ್ಯಾಂಪು ಬಿಟ್ಟು ದೂರ ಹೋಗಬೇಡಿ. ಹಿಂದಿನ ಬೆಂಚಿನಿಂದ ಭಾಸ್ಕರ ಎದ್ದ. ಕುಂದಾಪುರದ ಕಡೆಯವನು, ದೊಡ್ಡ ಕ್ರೇನಿನ ಆಪರೇಟರ್.

"ಮೇಡಂ, ನಂಗ್ ಊರಿಗ್ ಹೋಪುಕ್ ಆತ್ತಾ ಇಲ್ಯಾ, ಅಷ್ಟ್ ಹೇಳಿ. ತಂಗಿ ಮದಿ ಇತ್ತ್. ಅಪ್ಪಯ್ಯ ಇಲ್ಲ, ಧಾರೆ ಎರುಕ್ ನಾನೇ ಆಯ್ಕ್."

ಅವನ ಕಾರ್ಡು ಮುಗಿದಿತ್ತು. ಈಗ ಹೋದರೆ ಹಿಂತಿರುಗಿ ಬರಲು ದಾರಿ ಇರಲಿಲ್ಲ. ಅವನ ವೀಸಾವೇ ಹೋಗುತ್ತಿತ್ತು. ಅದನ್ನು ಹೇಳಿದೆ. "ಹೋಗ್ಬೇಡಿ ಅಂತ ನಾನು ಹೇಳುದಿಲ್ಲ ಭಾಸ್ಕರ. ಹೋದ್ರೆ ವಾಪಸ್ ಕರೆಸ್ಲಿಕ್ಕೆ ಆಗ್ತದಾ ಅಂತ ನಂಗೂ ಗೊತ್ತಿಲ್ಲ."

ಅವನು ತನ್ನ ಅಂಗೈಗಳನ್ನು ನೋಡಿಕೊಂಡ. "ಕೆಲ್ಸ ಬಿಟ್ರೆ ಮದಿ ಸಾಲ ತೀರ್ಸುಕಾತಿಲ್ಲೆ" ಎಂದು ಕೂತುಬಿಟ್ಟ. ನನ್ನ ಮೇಲೆ ಕೂಗಾಡಿದ್ದರೆ ಚೆನ್ನಾಗಿತ್ತು.

ಶ್ರೀನಾಥ್ ಸರ್ ಹೇಳಿದ ಹಾಗೆ ಸಾಹೇಬರ ಗುರುತಿನ ಕಾರ್ಡು ಹಾಕಿ ನಂಬರ್ ಒತ್ತಿದ್ದರೆ ಭಾಸ್ಕರ ಮದುವೆಗೆ ಹೋಗುತ್ತಿದ್ದ. ಸರಿಯಾದದ್ದು ಮಾಡಿದಾಗ ಎಲ್ಲರಿಗೂ ಒಳ್ಳೆಯದೇ ಆಗುತ್ತದೆ ಎಂದು ನಿನಗೆ ಯಾರಾದರೂ ಹೇಳಿದರೆ ನಂಬಬೇಡ, ಪ್ರಿಯಾ. ಆ ಭಾರ ಬೀಳುವುದು ಹೆಚ್ಚಾಗಿ, ನಿರ್ಧಾರ ಮಾಡಿದ ಕೋಣೆಯಲ್ಲಿ ಇಲ್ಲದವರ ಮೇಲೆ. ಅವರ ಎದುರು ಹೋಗಿ ನಿಲ್ಲುವುದೂ ಈ ಕೆಲಸದ ಭಾಗ.

ಮದುವೆಯ ದಿನ ಕ್ಯಾಂಪಿನ ಊಟದ ಕೋಣೆಯಲ್ಲಿ ಅವನ ಫೋನನ್ನು ನೀರಿನ ಜಗ್ಗಿಗೆ ಒರಗಿಸಿಟ್ಟರಂತೆ. ಅಡುಗೆಯವನು ಪಾಯಸ ಮಾಡಿದ್ದನಂತೆ. ಚಿತ್ರ ನಿಂತು ನಿಂತು ಬರುತ್ತಿತ್ತಂತೆ. ಧಾರೆಯ ನೀರು ಬೀಳುವ ಹೊತ್ತಿಗೆ ಸರಿಯಾಗಿ ಚಿಕ್ಕಪ್ಪನ ಕೈ ತಂಗಿಯ ಕೈಯ ಮೇಲೆ ಹಾಗೇ ನಿಂತುಬಿಟ್ಟಿತಂತೆ. ಭಾಸ್ಕರ ಬಿಳಿ ಪಂಚೆ ಉಟ್ಟು ಅದರ ಮುಂದೆ ಕೈಮುಗಿದು ಕೂತಿದ್ದ ಎಂದು ಕ್ಯಾಂಪಿನ ಮೇಲ್ವಿಚಾರಕ ನನಗೆ ಹೇಳಿದ.

ಕೋರ್ಟಿನ ದಿನ ಮರಿಯಮಳ ಜೊತೆ ಸಾಲಿಮನೂ ನಾನೂ ಹೋದೆವು. ನಾಸರ್ ಸಾಹೇಬರನ್ನು ಚೆನ್ನಾಗಿ ಸಿಂಗರಿಸಿ ಕರೆತಂದಿದ್ದಳು. ಬಣ್ಣದ ಮುಂಡಾಸು, ನಡುವಿಗೆ ಬೆಳ್ಳಿಯ ಪಟ್ಟಿ. ನ್ಯಾಯಾಧೀಶರು ವಯಸ್ಸಿನಲ್ಲಿ ಅವರ ಮಗನಂತಿದ್ದರು. ಎದ್ದು ನಿಂತು ವಂದಿಸಿದರು. ಕಂಪನಿಯ ಸುದ್ದಿಯನ್ನೇ ಎತ್ತಲಿಲ್ಲ. "ಚಾಚಾ, ಎಲ್ಲಿಂದ ಬಂದಿರಿ?" ಎಂದು ಕೇಳಿದರು. ಸಾಲಿಮ್ ನನ್ನ ಕಿವಿಯಲ್ಲಿ ಅರ್ಥ ಹೇಳುತ್ತಿದ್ದ.

"ಮುಂಬೈಯಿಂದ. ಈಗ ತಾನೇ ಇಳಿದೆ" ಎಂದರು ಸಾಹೇಬರು.

"ಪ್ರಯಾಣ ಸುಖವಾಗಿತ್ತೇ?"

"ಗಾಳಿ ಇತ್ತು. ಆದರೆ ತಲುಪಿದೆವು."

"ನಿಮ್ಮ ವ್ಯವಹಾರವನ್ನು ಯಾರು ನೋಡಿಕೊಳ್ಳಬೇಕು?"

ಸಾಹೇಬರು ಸುತ್ತಲೂ ನೋಡಿದರು. ಕಣ್ಣು ಮರಿಯಮಳ ಮೇಲೆ ನಿಂತಿತು. ಹೆಸರು ಬರಲಿಲ್ಲ. ಕೈಯೆತ್ತಿ ಅವಳನ್ನು ತೋರಿಸಿದರು. "ಈ ಹುಡುಗಿ ನನಗೆ ಅನ್ನ ಹಾಕುತ್ತಾಳೆ" ಎಂದರು. ನ್ಯಾಯಾಧೀಶರು ತಲೆಬಾಗಿಸಿ ಬರೆದುಕೊಂಡರು.

ಮರಿಯಮಳಿಗೆ ಸಹಿಯ ಅಧಿಕಾರ ಕೊಟ್ಟ ತೀರ್ಪಿನ ಪ್ರತಿ ಬಂದ ದಿನ ಕಾಗದಗಳನ್ನೆಲ್ಲ ಹಿಡಿದು ಸೀಬಿನ ಅದೇ ಕೋಣೆಗೆ ಹೋದೆ. ಶ್ರೀನಾಥ್ ಸರ್ ಅಷ್ಟರಲ್ಲೇ ಸಹಿ ಹಾಕಿ ಕಳಿಸಿದ್ದರು. ಸಾಲಿಮ್ ಕಾರಿನಲ್ಲಿ ಕಾಯುತ್ತಿದ್ದ. ಸಚಿವಾಲಯ ಮುಚ್ಚುವ ಮೊದಲು ತಲುಪಬೇಕಿತ್ತು. ತಡೆ ತೆರವಾದರೆ ಮೊದಲು ನವೀಕರಣವಾಗಬೇಕಾದ ಕಾರ್ಡು ಭಾಸ್ಕರನದು ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಹಾಗೇ ಆಯಿತು, ಆ ವಾರವೇ ಅವನು ರಜೆಯ ಮೇಲೆ ಊರಿಗೆ ಹಾರಿದ, ತಂಗಿಯನ್ನು ಅವಳ ಗಂಡನ ಮನೆಯಲ್ಲೇ ಹೋಗಿ ನೋಡಿಬಂದ. ಕಂಪನಿ ಇನ್ನೂ ಕೆಲವು ವರ್ಷ ನಡೆಯಿತು.

ಆ ದಿನ ಮರಿಯಮ್ ಮೊದಲ ಕಾಗದವನ್ನು ಪೂರ್ತಿ ಓದಿದಳು, ಎರಡನೆಯದನ್ನೂ ಓದಿದಳು. ಆಮೇಲೆ ತಂದೆಯ ಪಕ್ಕದಲ್ಲೇ ಕೂತು, ಶಾಲೆಯ ಹಲಗೆಯ ಮೇಲೆ ಬರೆಯುವವಳ ದುಂಡು ಅಕ್ಷರದಲ್ಲಿ ತನ್ನ ಹೆಸರು ಬರೆದಳು. ಸಾಹೇಬರು ಬಾಗಿ ಆ ಅಕ್ಷರಗಳನ್ನು ನೋಡಿದರು. ಅವರ ಮುಖ ಅರಳಿತು.

"ಎಷ್ಟು ಚಂದ ಬರೆಯುತ್ತಾಳೆ" ಎಂದು ನನ್ನತ್ತ ತಿರುಗಿ ಹಿಂದಿಯಲ್ಲಿ ಕೇಳಿದರು. "ಯಾರ ಮಗಳು ಇವಳು?"

ಮರಿಯಮ್ ಪೆನ್ನು ಮುಚ್ಚಿದಳು. "ನಿಮ್ಮ ಮಗಳು, ಬಾಬಾ."

"ನನ್ನವಳೇ?" ಎಂದರು ಸಾಹೇಬರು. ಎರಡೂ ಕೈಯಿಂದ ಅವಳ ಮುಖ ಹಿಡಿದು, ಹೊಸದಾಗಿ ಸಿಕ್ಕಿದವಳನ್ನು ನೋಡುವ ಹಾಗೆ ನೋಡುತ್ತಲೇ ಕೂತರು.